ಬೆರಳಿಗೆ ಸಿಕ್ಕ ಹೆಸರು

ಸ್ಮಾರಕದ ಬೋರ್ಡಿನಲ್ಲಿ ಗಣಿ ಕಂಪನಿಯ ಹೆಸರನ್ನು ಬಣ್ಣ ಮಾಸದ ದಪ್ಪ ವಿನೈಲ್ ಹಾಳೆಯಲ್ಲಿ ಕತ್ತರಿಸಿ ಅಂಟಿಸಿದ್ದರು. ಗಣಿಯಲ್ಲಿ ಸತ್ತ ಏಳು ಕೂಲಿಗಳ ಹೆಸರುಗಳಿಗೆ ಅಗ್ಗದ ಪ್ರಿಂಟ್ ಹೊಡೆಸಿದ್ದರು. ಎರಡೇ ಬೇಸಿಗೆಯಲ್ಲಿ ಆ ಏಳೂ ಹೆಸರುಗಳನ್ನು ಬಿಸಿಲು ತಿಂದಿತು.

ಬೋರ್ಡು ರಿಪೇರಿಗೆಂದು ಸಂಡೂರಿನಲ್ಲಿ ನಾಮಫಲಕ ಮಾಡುವ ಅನುಸೂಯಾಳ ಅಂಗಡಿಗೆ ಬಂತು. ಅದರ ಹಿಂದೆಯೇ, ಸತ್ತವರಲ್ಲೊಬ್ಬನ ಹೆಂಡತಿ ಕರೆಮ್ಮ ಬಂದಳು. ಅವಳಿಗೆ ಓದು ಬಾರದು. ಅನುಸೂಯಾ ಅವಳ ಗಂಡನ ಹೆಸರು ‘ಉಚ್ಚೆಂಗೆಪ್ಪ’ ಎಂದು ವಿನೈಲಿನಲ್ಲಿ ಕತ್ತರಿಸಿ ಅಂಟಿಸಿ, ಅವಳ ಬೆರಳು ಹಿಡಿದು ಅಕ್ಷರಗಳ ಅಂಚಿನ ಮೇಲೆ ಮೆಲ್ಲಗೆ ಸರಿಸಿದಳು.

“ಕೈಗೆ ಸಿಗತಾನಲ್ಲವ್ವ!” ಕರೆಮ್ಮ ನಕ್ಕಳು. “ಇದ್ದಾಗ ಒಂದಿನಾನೂ ಹಿಂಗ ಸಿಗಲಿಲ್ಲ ನೋಡು.”

ಅಷ್ಟರಲ್ಲಿ ಕಂಪನಿಯ ಸೂಪರ್‌ವೈಸರ್ ಒಳಬಂದ. “ಅದನ್ನ ಕಿತ್ತು ಜಲ್ದಿ ಪ್ರಿಂಟ್ ಹೊಡೀರಿ. ನಾಳೆ ಸಾಹೇಬ್ರು ಬಂದು ಹೋಗೋತನ ಇದ್ರ ಸಾಕು.”

ಕರೆಮ್ಮನ ಬೆರಳು ಇನ್ನೂ ಕೊನೆಯ ಅಕ್ಷರದ ಮೇಲಿತ್ತು.

“ಕೀಳಂಗಿಲ್ರಿ,” ಎಂದಳು ಅನುಸೂಯಾ.