ತೊಳೆದ ಹುಳ

ಅಕ್ಕನಿಗೆ ಮಾರುಕಟ್ಟೆಯಲ್ಲಿ ಮೀನು ಕತ್ತರಿಸುವ ಕೆಲಸ. ಹೊಟ್ಟೆಯಲ್ಲಿ ಹುಳವಿರುವ ಮೀನು ಸಿಕ್ಕರೆ ಐಸ್ ಡಬ್ಬಿಯಲ್ಲಿಟ್ಟು ತಂಗಿಗೆ ಕೊಡುತ್ತಿದ್ದಳು. ತಂಗಿ ಪ್ರಯೋಗಾಲಯದ ಸಹಾಯಕಿ. ಮೀನಿನ ಕೊಬ್ಬಿಗೂ ಅದರ ಕರುಳಿನ ಹುಳದ ಕೊಬ್ಬಿಗೂ ಎಷ್ಟು ಹೋಲಿಕೆ ಎಂದು ನೋಡುವುದು ಅವಳ ಕೆಲಸ.

“ಹುಳಕ್ಕೆ ತಾನೇ ಕೊಬ್ಬು ಮಾಡ್ಕೊಳ್ಳೋಕೆ ಬರಲ್ಲ ಅಕ್ಕಾ. ಮೀನಿಂದೇ ತಗೊಳ್ಳುತ್ತೆ.”

“ನಿನ್ನ ಹಾಗೇ ಅನ್ನು. ಅಮ್ಮ ಹೋದಾಗಿಂದ ನನ್ನ ತಲೆ ತಿಂದೇ ಬೆಳೆದೋಳು!”

ಈಗ ಅಕ್ಕ ಆಸ್ಪತ್ರೆಯಲ್ಲಿದ್ದಳು. ಸಂಜೆ ಆಪರೇಷನ್.

“ಒಳಗೆ ಕರ್ಕೊಂಡು ಹೋಗೋ ಮುಂಚೆ ಒಂದ್ಸಲ ಮುಖ ತೋರ್ಸೇ. ನನಗೆ ಭಯ ಕಣೇ” ಎಂದಿದ್ದಳು ಬೆಳಿಗ್ಗೆ.

“ಬಂದೇ ಬರ್ತೀನಿ.”

ಮಧ್ಯಾಹ್ನ, ದ್ರಾವಣದಲ್ಲಿ ನಿಲ್ಲಿಸಿದ್ದ ಗಾಜಿನ ಫಲಕದ ಮೇಲೆ ಕೊಬ್ಬಿನ ಕಲೆಗಳು ಮೂಡಿದವು. ಮೀನಿನ ಸಾಲು, ಪಕ್ಕದಲ್ಲಿ ಹುಳದ ಸಾಲು. ಎರಡೂ ಒಂದೇ ಎತ್ತರ, ಹೆಚ್ಚುಕಡಿಮೆ ಒಂದೇ ಬಣ್ಣ.

ಪ್ರಯೋಗಾಲಯದ ಮೇಡಂ ಕನ್ನಡಕ ಏರಿಸಿಕೊಂಡರು. “ಇಷ್ಟೊಂದು ಹೋಲುತ್ತಾ? ಹುಳನ ಚೆನ್ನಾಗಿ ತೊಳೆದಿದ್ದೀಯಲ್ಲಾ?”

ಹುಳಕ್ಕೆ ಮೀನಿನ ಲೋಳೆ ಅಂಟಿಕೊಂಡಿದ್ದರೆ ಮೀನಿನ ಕೊಬ್ಬೇ ಹುಳದ ಲೆಕ್ಕಕ್ಕೆ ಸೇರಿಬಿಡುತ್ತದೆ. ಅವಳು ನೀರು ತಿಳಿಯಾಗುವವರೆಗೂ ತೊಳೆದಿದ್ದಳು. ಆದರೆ ಕೇಳಿದೊಡನೆ ಆ ತಿಳಿನೀರು ಕಣ್ಣೆದುರಿಗೆ ಬರಲೊಲ್ಲದು.

“ತೊಳೆದೆ... ಅನ್ಸುತ್ತೆ, ಮೇಡಂ.”

“ಅನುಮಾನ ಇದ್ರೆ ನಾಳೆ ಮತ್ತೆ ಮಾಡಿದ್ರಾಯ್ತು. ಈಗ ಹೊರಡು, ಅಕ್ಕ ಕಾಯ್ತಿರ್ತಾರೆ.”

ಅದು ಅಕ್ಕ ಆಸ್ಪತ್ರೆ ಸೇರುವ ಮುಂಚೆ ಕೊಟ್ಟ ಕೊನೆಯ ಡಬ್ಬಿ. ಅದನ್ನೂ ಹಾಳುಮಾಡಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಉಳಿದಿದ್ದ ಹುಳವನ್ನು ತೊಳೆದಳು, ಮತ್ತೆ ತೊಳೆದಳು. ದ್ರಾವಣ ಗಾಜಿನ ಮೇಲೆ ತನ್ನ ಪಾಡಿಗೆ ನಿಧಾನವಾಗಿ ಏರಿತು. ಅವಸರಿಸಿದರೆ ಏರುವಂಥದ್ದಲ್ಲ ಅದು. ಕೊನೆಗೆ ಅವೇ ಕಲೆಗಳು ಮೂಡಿದವು. ಮೊದಲ ಸಲವೇ ಸರಿಯಾಗಿ ತೊಳೆದಿದ್ದಳು.

ಓಡಿಬಂದಾಗ ಮಂಚ ಖಾಲಿ.

“ಬಾಗಿಲ ಕಡೆಗೇ ನೋಡ್ತಿದ್ರು” ಎಂದಳು ನರ್ಸ್. “ಆಮೇಲೆ, ‘ನನ್ನ ತಂಗಿ ಹುಳಕ್ಕೆ ಸ್ನಾನ ಮಾಡಿಸ್ತಿರ್ತಾಳೆ, ಬಂದ್ರೆ ಬೈಬೇಡಿ’ ಅಂತ ನಗ್ತಾ ಒಳಗೆ ಹೋದ್ರು.”

ಅಕ್ಕ ಆಪರೇಷನ್ ಮೇಜಿನಿಂದ ಏಳಲಿಲ್ಲ. ಡಾಕ್ಟರು ಹೊರಗೆ ಬಂದು ಮೆಲ್ಲಗೆ ಹೇಳಿದರು.

“ಕೈ ತೊಳ್ಕೊಂಡು ಬನ್ನಿ, ನೋಡೋರಂತೆ” ಎಂದು ನರ್ಸ್ ನಲ್ಲಿ ತೋರಿಸಿದಳು.

ಬೆರಳುಗಳಲ್ಲಿ ಮೀನಿನ ವಾಸನೆ ಇನ್ನೂ ಇತ್ತು. ಅಕ್ಕನ ಕೈಯದೂ ಇದೇ ವಾಸನೆ. ತಂಗಿ ನಲ್ಲಿಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೈ ತೊಳೆಯದೆ ಒಳಗೆ ಹೋದಳು.