ಎರಡು ಫಿಲ್ಮಿನ ನಡುವಿನ ಕಲೆ

ಗುಡಗೇರಿಯ ಕಾಳಿನ ವ್ಯಾಪಾರಿ ಶಂಭುಲಿಂಗಪ್ಪನ ತಲೆಯನ್ನು ಮುಂಬಯಿಯಲ್ಲಿ ಎರಡು ಸಲ ಸ್ಕ್ಯಾನ್ ಮಾಡಿಸಿದ್ದರು. ಯುಗಾದಿಗೊಮ್ಮೆ, ದೀಪಾವಳಿ ಕಳೆದ ಮೇಲೊಮ್ಮೆ. ಮಿದುಳಿನೊಳಗಿನ ಕಲೆ ಬೆಳೆದಿದ್ದರೆ ಆಪರೇಶನ್ನು, ಇಲ್ಲವಾದರೆ ಇಲ್ಲ. ಅದನ್ನು ನೋಡಿ ಹೇಳಲು ಡಾಕ್ಟರ್ ಪ್ರಭಂಜನ ರವಿವಾರ ಹುಬ್ಬಳ್ಳಿಯಿಂದ ಮನೆಗೇ ಬಂದಿದ್ದ.

ಕಿಟಕಿಯ ಬೆಳಕಿಗೆ ಹಳೆಯ ಫಿಲ್ಮಿನ ಮೇಲೆ ಹೊಸದನ್ನಿಟ್ಟು ಕೂದಲೆಳೆಯಷ್ಟು ಅತ್ತಿತ್ತ ಸರಿಸಿದ. ಶಂಭುಲಿಂಗಪ್ಪ ಚಿಕ್ಕಂದಿನಲ್ಲಿ ಚಕ್ಕಡಿಯಿಂದ ಬಿದ್ದು ತಲೆಯ ಎಲುಬಿನಲ್ಲಿ ಉಳಿದಿದ್ದ ತಗ್ಗು ತಗ್ಗಿನ ಮೇಲೆ ಕೂತಿತು. ಬುರುಡೆಯ ಗೆರೆಗಳು ಒಂದಾದವು. ಕಲೆ ಮಾತ್ರ ಎರಡಾಗಿಯೇ ಉಳಿಯಿತು.

"ಬೆಳದಿಲ್ಲ. ಆದ್ರ ಸರದದರಿ. ಎಡಗಿವಿ ಬಾಜು ಇದ್ದದ್ದು ನಟ್ಟನಡುವ ಬಂದದ."

"ಎಡಕ್ಕ ಎಲ್ಲಿತ್ರಿ?" ಹೆಂಡತಿ ಶಾರದವ್ವ ಹಳೆಯ ಫಿಲ್ಮಿನ ಬಲಗಡೆ ಬೆರಳಿಟ್ಟಳು. "ಇಲ್ಲೇ ಐತಲ್ರಿ, ಬಲಕ್ಕ!"

"ಇದು ಎದುರಿಗೆ ನಿಂತವರನ್ನ ನೋಡಿಧಂಗ ಅವ್ವಾರ. ನಮಗ ಬಲಕ್ಕ ಕಂಡದ್ದು ಅವರ ಎಡ."

ಮಂಚದ ಮೇಲಿಂದ ಶಂಭುಲಿಂಗಪ್ಪ ನಕ್ಕ. "ಇಷ್ಟು ವರ್ಷ ಸಂಸಾರ ಮಾಡ್ಯಾಳ, ನನ್ನ ಎಡಾ ಬಲಾ ಗೊತ್ತಿಲ್ಲ ನೋಡ್ರಿ ಇಕಿಗೆ!"

ಶಾರದವ್ವ ನಗಲಿಲ್ಲ. ಯುಗಾದಿಯ ಫಿಲ್ಮು ಕಂಡಂದಿನಿಂದ ದಿನವೂ ಲಿಂಗಪೂಜೆಯಾದ ಮೇಲೆ ಅವಳು ಗಂಡನ ಬಲಗಿವಿಯ ಮೇಲೆ ವಿಭೂತಿ ತಿಕ್ಕುತ್ತಿದ್ದಳು. ಅವಳ ತವರಿನಲ್ಲಿ ಬೇನೆ ತೆಗೆಯುವ ರೀತಿ ಅದು: ವಚನ ಹೇಳುತ್ತ ಬೇನೆಯನ್ನು ಬೆರಳಿಗೆ ಕರೆಯಬೇಕು, ಬಂದದ್ದನ್ನು ಒಲೆಗೆ ಝಾಡಿಸಬೇಕು.

"ನಾ ಕರದ ಕಡೆ ಬಂದೈತ್ರಿ ಅದು," ಎಂದಳು.

"ತಲಿ ಸೊಟ್ಟ ಇಟ್ಟು ತಗದಿರಬೇಕು," ಎಂದು ಪ್ರಭಂಜನ ಫಿಲ್ಮುಗಳನ್ನು ಬಿಡಿಸಿ ಮತ್ತೆ ಹೊಂದಿಸಿದ. ಎಲುಬು ಎಲುಬಿನ ಮೇಲೆ ಹಾಗೆಯೇ ಕೂತಿತು. ಅವನ ದನಿ ತಗ್ಗಿತು. "ಮುಂದ ಬೆಳದ್ರೂ, ನಡುವ ಇದ್ರ ಕತ್ತರಿ ಹಾಕಲಿಕ್ಕೆ ಬರೂದಿಲ್ಲರಿ. ಅಂಚಿಗಿದ್ದಿದ್ರ ತಗೀಬಹುದಿತ್ತು."

"ಮತ್ತ ನಡುದಾರ್ಯಾಗ ಯಾಕ ಬಿಟ್ಟಿ?" ಎಂದ ಶಂಭುಲಿಂಗಪ್ಪ ಹೆಂಡತಿಗೆ. "ಪೂರಾ ಕರೀ."

ಅವಳು ಕೈಕಾಲು ತೊಳೆದು ಬಂದು ಅವನ ಬಲಕ್ಕೆ ಕೂತಳು. ಭಸ್ಮ ಹಚ್ಚಿದ ಮೂರು ಬೆರಳನ್ನು ಕಿವಿಯ ಮೇಲಿಟ್ಟು ವಚನ ಹಿಡಿದಳು. ಸ್ವಲ್ಪ ಹೊತ್ತಿಗೆ ಎಲುಬಿನ ಕೆಳಗೆ, ಬಸಿರಿನಲ್ಲಿ ಕೂಸು ಹೊರಳಿದ ಹಾಗೆ, ಏನೋ ಹೊರಳಿತು. ಶಂಭುಲಿಂಗಪ್ಪನ ನಗೆ ಅರ್ಧಕ್ಕೆ ನಿಂತಿತು. ತುಟಿ ಒಂದು ಕಡೆ ಜೋತುಬಿತ್ತು.

"ಅವ್ವಾರ, ಕೈ ತಗೀರಿ!"

"ಈಗ ತಗದ್ರ ಎಲ್ಲಿ ನಿಲ್ತೈತೋ ಯಾರು ಬಲ್ಲರ್ರಿ," ಎಂದು ಶಾರದವ್ವ ಮುಂದಿನ ವಚನ ಎತ್ತಿಕೊಂಡಳು.