ಮೂಸದ ಹೂ

“ವಾಸನಿ ಐತಿಲ್ಲೋ?”

“ವಾಸನಿ ಇಲ್ಲದ ಹೂವ ನಮ್ಮಲ್ಲಿ ಸಿಗೂದಿಲ್ರಿ” ಎಂದು ಸಪ್ನಾ ತಲೆಯೆತ್ತದೆ ಹೇಳಿದಳು. ದಾರ ಕತ್ತರಿಸಿ, ಮಲ್ಲಿಗೆಯ ಮಾಲೆಯನ್ನು ಎಲೆಯಲ್ಲಿ ಸುತ್ತುವ ಮೊದಲು ಗಿರಾಕಿಯ ಮುಖದ ಹತ್ತಿರ ಹಿಡಿದಳು. ಆಗ ಮಾತ್ರ ಅವನನ್ನು ನೋಡಿದಳು. ಮೂಗಿನ ಹೊಳ್ಳೆ ಸ್ವಲ್ಪ ಅರಳಿತು. ಹುಬ್ಬಿನ ನಡುವಿನ ಗೆರೆ ಸಡಿಲಾಯಿತು.

ಹಾಗಾದರೆ ಹೂ ಚೆನ್ನಾಗಿದೆ.

ಹೂ ಚೆನ್ನಾಗಿದೆ ಎಂಬುದು ಅವಳಿಗೆ ತಿಳಿಯುತ್ತಿದ್ದದ್ದು ಹೀಗೆ, ಬೇರೆಯವರ ಮುಖದಿಂದ. ಕೊರೊನಾದ ಎರಡನೇ ಅಲೆಯಲ್ಲಿ ಮನೆಯವರೆಲ್ಲರ ಮೂಗಿನಿಂದ ವಾಸನೆ ಹೋಗಿತ್ತು. ಎಲ್ಲರಿಗೂ ತಿರುಗಿ ಬಂತು. ಅವಳಿಗೆ ಬರಲಿಲ್ಲ. ಗಂಡ ಗೌರೀಶನಿಗೆ ಹೇಳಿದ್ದಳು. “ಬರತೈತಿ ತಗೋ” ಎಂದಿದ್ದ. ಮತ್ತೆ ಕೇಳಲಿಲ್ಲ. ಬಂದಿರಬೇಕು ಅಂದುಕೊಂಡನೇನೋ. ಅವಳೂ ಮತ್ತೆ ಹೇಳಲಿಲ್ಲ. ಬೈಲಹೊಂಗಲದ ಪೇಟೆಯಲ್ಲಿ ಹೂವಿನ ಅಂಗಡಿ ಇಟ್ಟವಳು ಇಂಥ ಮಾತನ್ನು ಯಾರ ಮುಂದೆ ಹೇಳಬೇಕು?

ಮದುವೆಗೆ ಮುಂಚೆ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಸವದತ್ತಿಯ ಕಾಲೇಜೊಂದರಲ್ಲಿ ಪಾಠ ಹೇಳಿದವಳು. ಮಲ್ಲಿಗೆಯ ವಾಸನೆ ಯಾವ ಯಾವ ದ್ರವ್ಯಗಳಿಂದ ಹುಟ್ಟುತ್ತದೆ ಎಂದು ಈಗಲೂ ಒಂದೂ ತಪ್ಪದೆ ಹೇಳಬಲ್ಲಳು. ಹೆಸರುಗಳೆಲ್ಲ ಉಳಿದಿದ್ದವು.

ಹೂಗಾರರ ಈ ಮನೆಯಲ್ಲಿ ಹೂವನ್ನು ಮೂಸುವ ಹಾಗಿಲ್ಲ. ಕಟ್ಟುವವರು ಮೂಸಿದ ಹೂ ಎಂಜಲು. ದೇವರಿಗೂ ನಡೆಯದು, ಮದುವೆಗೂ ಬಸುರಿಯ ಕುಬಸಕ್ಕೂ ನಡೆಯದು. ಸೊಸೆಯಾಗಿ ಬಂದ ಹೊಸತರಲ್ಲಿ ಸಪ್ನಾ ಕದ್ದು ಮೂಸಿ ಸಿಕ್ಕಿಬಿದ್ದಿದ್ದಳು. ಅತ್ತೆ ಗುರುಬಸವ್ವ ಬೈಯಲಿಲ್ಲ. ಇಡೀ ಬುಟ್ಟಿಯನ್ನು ಒಯ್ದು ಆಕಳ ಮುಂದೆ ಸುರಿದು ಬಂದಳು. ಈಗ ಅದೇ ಗುರುಬಸವ್ವ ಬಂದವರಿಗೆಲ್ಲ ಹೇಳುತ್ತಾಳೆ: “ನಮ್ಮ ಸಪ್ನಾನ ನೇಮ ನೋಡ್ರಿ. ಹೂವ ಅಕಿ ಮೂಗಿನ ಸನೇಕ ಸುಳಿಯೂದಿಲ್ಲ. ಓದಿದಾಕಿ ಅಂತ ಅನಸೂದ ಇಲ್ಲ.”

ಕಳೆದುಕೊಂಡದ್ದು ಈ ಮನೆಯಲ್ಲಿ ನೇಮವಾಗಿ ಸಲ್ಲುತ್ತಿತ್ತು.

ಅಂಗಡಿಯ ಮುಂದೆ ಬೈಕು ನಿಂತಿತು. ಮುತ್ತಪ್ಪ. ಹೋದ ವರ್ಷದವರೆಗೆ ಬಸ್ ಸ್ಟ್ಯಾಂಡಿನ ಎದುರು ಅವನದೂ ಹೂವಿನ ಅಂಗಡಿ ಇತ್ತು. ಬೆಂಗಳೂರಿನ ಕಂಪನಿಯೊಂದು ಮೊಬೈಲಿನಲ್ಲಿ ಹೂ ಮಾರತೊಡಗಿದ ಮೇಲೆ ಮುಚ್ಚಿತು. ಈಗ ಆ ಕಂಪನಿಯ ಪೆಟ್ಟಿಗೆಗಳನ್ನೇ ಮನೆ ಮನೆಗೆ ಮುಟ್ಟಿಸುತ್ತಾನೆ.

“ಏನ ಮುತ್ತಪ್ಪಾ, ಇವತ್ತ ಯಾರ ಮನಿಗಿ ಹೂವ?”

“ಹೂವ ಅಲ್ರಿ ವೈನಿ, ನಾ ಡಬ್ಬಿ ಒಯ್ಯಾಂವ. ಒಳಗ ಏನೈತೋ ಕಂಪನಿಗಿ ಗೊತ್ತು.” ಅವನು ಪೆಟ್ಟಿಗೆಯನ್ನು ಹಲಗೆಯ ಮೇಲಿಟ್ಟು ಬೆವರು ಒರೆಸಿಕೊಂಡ. “ಬಾಯವ್ವ ಅಮ್ಮಾರ ಮನಿಗಿ. ಮೊಮ್ಮಗಳದು ಕುಬಸ.”

ಸಪ್ನಾಳ ಬೆರಳು ನಿಂತವು. ಅರಳೆ ವ್ಯಾಪಾರದ ಆ ದೊಡ್ಡ ಮನೆಗೆ ತೊಟ್ಟಿಲಿನಿಂದ ಹೆಣದವರೆಗೆ ಹೂ ಹೋದದ್ದು ಗುರುಬಸವ್ವನ ಕೈಯಿಂದಲೇ. ಈ ಸಲ ಬಸುರಿಯ ತಲೆಗೆ ಕಟ್ಟುವ ಹೂವಿನ ದಂಡಿ ಪೆಟ್ಟಿಗೆಯಲ್ಲಿ ಬಂದಿದೆ. ಬೇಡ ಎಂದಾದರೂ ಯಾರೂ ಹೇಳಿಕಳಿಸಿರಲಿಲ್ಲ.

“ಇವತ್ತಿಂದು ಪರೀಕ್ಷಾ ಅಂತ್ರಿ” ಎಂದ ಮುತ್ತಪ್ಪ. “ದೊಡ್ಡ ಮನಿ. ಇಲ್ಲಿ ಸರಳ ಆದ್ರ ಊರಾಗ ಡಿಪೋ ಹಾಕ್ತಾರಂತ. ಕೆಟ್ಟರ ಈ ಊರ ಕೈ ಬಿಡ್ತಾರಂತ. ಎರಡ ಸಲ ವಾಪಸ್ ಹೋಗ್ಯಾವಲ್ಲ ಡಬ್ಬಿ, ನಿಮ್ಮ ಬೋರ್ಡಿನ ಪ್ರತಾಪ.”

ಅಂಗಡಿಯ ಮೇಲೆ ಅವಳೇ ಬರೆಸಿದ ಬೋರ್ಡು: ‘ಪೆಟ್ಟಿಗೆಯ ಹೂವಿಗೆ ಬಣ್ಣ ಇದೆ, ವಾಸನೆ ಇಲ್ಲ.’ ಬರೆಸುವಾಗ ಯಾವ ಮುಖದಿಂದ ಬರೆಸಿದ್ದಳೋ. ಊರು ಆ ಮಾತನ್ನು ಎತ್ತಿಕೊಂಡು ಓಡಾಡಿತ್ತು.

“ಈ ಸಲ ವಾಸನಿನೂ ಹಾಕ್ಯಾರಂತ ನೋಡ್ರಿ” ಎಂದು ಮುತ್ತಪ್ಪ ನಕ್ಕ.

“ನಿನಗ ಯಾವುದಾದ್ರ ಚಲೋ?”

“ನಂದೇನೈತ್ರಿ. ಎರಡೂ ಕಡೆ ನಂದ ಒಂದ ಹೊಟ್ಟಿ.”

ಅವನು ಹೋದ. ಸಪ್ನಾ ಬಾಳೆನಾರು ತೆಗೆದುಕೊಂಡು ಕೂತಳು. ಸಂಪಗಾಂವದ ತೋಟದಿಂದ ಬೆಳಿಗ್ಗೆ ಬಂದಿದ್ದ ಮಲ್ಲಿಗೆ, ನಡುವೆ ಅಬ್ಬಲಿಗೆ, ಅಂಚಿಗೆ ಮರುಗ. ಮರುಗದ ಎಲೆಯನ್ನು ಬೆರಳಿನಲ್ಲಿ ತೀಡಿ ನೋಡಿದಳು. ಒರಟು ಇತ್ತು. ಒರಟು ಇದ್ದರೆ ಎಳೆಯದಲ್ಲ, ಘಾಟು ಇರುತ್ತದೆ, ಇರಬೇಕು.

“ಯಾರಿಗಿ ದಂಡಿ?” ಒಳಗಿನಿಂದ ಬಂದ ಗುರುಬಸವ್ವ ಕೇಳಿದಳು.

“ಯಾರಿಗೂ ಅಲ್ಲ.”

“ಯಾರಿಗೂ ಅಲ್ಲದ್ದು ಯಾಕ ಕಟ್ಟತಿ?”

“ಸುಮ್ನ.”

ಗುರುಬಸವ್ವ ಸೊಸೆಯನ್ನು ನೋಡಿದಳು, ದಂಡಿಯನ್ನು ನೋಡಿದಳು. ಹಸಿ ಬಟ್ಟೆ ತಂದು ಪಕ್ಕದಲ್ಲಿಟ್ಟಳು.

ಮಧ್ಯಾಹ್ನ ಫೋನು ಬಂತು. ಬಸುರಿ ಪ್ರಣಿತಾಳ ತಾಯಿ ಉಮಾಶ್ರೀ. ಬಾಯವ್ವನ ಸೊಸೆ.

“ಸಪ್ನಾ, ದಂಡಿ ಒಂದ ಸಿಗತೈತೇನು? ಈಗಿಂದೀಗ.”

“ಯಾಕ್ರಿ ಅಕ್ಕಾರ, ಬಂದಿತ್ತಲ್ಲ?”

“ಬಂದೈತಿ. ನಿಮ್ಮದೂ ಒಂದ ಇರ್ಲಿ ಅಂತ. ಅತ್ತಿ ಹಟ ಹಿಡದಾರ.”

ಹಸಿ ಬಟ್ಟೆಯಲ್ಲಿ ಸುತ್ತಿದ ದಂಡಿ ಹಿಡಿದು ಸಪ್ನಾ ಹೋದಾಗ ಬಾಯವ್ವನ ಅಂಗಳದ ತುಂಬ ಹೆಂಗಸರು. ಹಾಡು ನಿಂತಿತ್ತು. ಹಸಿರು ಸೀರೆ ಉಟ್ಟ ಪ್ರಣಿತಾ ಮಣೆಯ ಮೇಲೆ ಒದ್ದೆ ಟವೆಲು ಹಿಡಿದು ಕೂತಿದ್ದಳು. ಪೆಟ್ಟಿಗೆಯ ದಂಡಿಯನ್ನು ಎರಡು ಸಲ ತಲೆಗೆ ಕಟ್ಟಿದ್ದರಂತೆ. ಎರಡು ಸಲವೂ ವಾಂತಿ.

“ಬಸುರಿ ಅಂದ ಮ್ಯಾಲ ವಾಂತಿ ಆಗೂದ” ಎಂದಳು ಉಮಾಶ್ರೀ. “ಹೂವಿನ ತಪ್ಪೇನು? ಎಂಥಾ ಘಮಘಮ ಐತಿ. ಫೋಟೋದಾಂವ ಇದರ ಬಣ್ಣ ನೋಡಿ ಪರದೆ ಕಟ್ಯಾನ.”

“ಏಳ ತಿಂಗಳದಾಗ ಎಂಥಾ ವಾಂತಿ?” ಕುರ್ಚಿಯಲ್ಲಿ ಕೂತ ಬಾಯವ್ವ ಕೋಲಿನಿಂದ ನೆಲ ಕುಟ್ಟಿದಳು. “ಅದಕ್ಕ ಏನೋ ಹೊಡದಾರ. ಸೆರೆ ಕುಡಿಯೂ ಅಂಗಡಿ ಮುಂದ ಹಾದಂಗ ಆಗತೈತಿ.”

“ಸೆರೆ ಅಂಗಡಿ ಮುಂದ ನೀವ ಯಾವಾಗ ಹಾದಿದ್ರಿ ಅತ್ತಿ?”

ಹೆಂಗಸರು ನಕ್ಕರು. ಬಾಯವ್ವ ನಗಲಿಲ್ಲ.

“ನಿನ್ನ ಮಾತ ಬ್ಯಾಡ, ನನ್ನ ಮಾತ ಬ್ಯಾಡ. ಸಪ್ನಾ ಹೂವಿನ ಮನೆತನದಾಕಿ, ಮ್ಯಾಲ ಓದಿದಾಕಿ. ಅಕಿ ಮೂಸಿ ಹೇಳ್ಲಿ. ಅಕಿ ಚಲೋ ಅಂದ್ರ ಅದನ್ನ ಕಟ್ರಿ.”

ಪೆಟ್ಟಿಗೆಯ ದಂಡಿ ಕೈಯಿಂದ ಕೈಗೆ ದಾಟಿ ಸಪ್ನಾಳ ಕೈಗೆ ಬಂತು. ತಿಳಿ ಗುಲಾಬಿ ಬಣ್ಣ. ಒಂದು ಎಸಳೂ ಕದಲದ ಹಾಗೆ ಅಂಟಿಸಿದ್ದರು. ಆ ಹೂವಿನ ಕುಲದ ಹೆಸರು ಅವಳಿಗೆ ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ.

ಇಷ್ಟು ವರ್ಷ ಅವಳು ಬೇರೆಯವರ ಮುಖ ಓದಿದ್ದಳು. ಈಗ ಇಡೀ ಅಂಗಳ ಅವಳ ಮುಖ ಓದಲು ಕಾಯುತ್ತಿತ್ತು. ಅಲ್ಲಿ ಏನೂ ಇಲ್ಲವೆಂದು ಅವರಿಗೆ ಈಗ ತಿಳಿದುಬಿಡುತ್ತದೆ ಅನ್ನಿಸಿತು. ‘ಸೆರೆ’ ಎಂದರೆ ಸಾಕು. ಒಂದು ಮಾತಿಗೆ ಕೈತಪ್ಪಿದ ಈ ಮನೆ ತಿರುಗಿ ಸಿಗುತ್ತದೆ, ಊರೇ ಸಿಗುತ್ತದೆ. ಬಾಯವ್ವ ಹೇಳಿದ್ದು ನಿಜವೂ ಇರಬಹುದು. ನಿಜ ಇದ್ದರೂ ತಾನು ಹೇಳಿದರೆ ಅದು ಸುಳ್ಳೇ.

“ನಾವು ಮೂಸೂದಿಲ್ರಿ ಅಮ್ಮಾರ” ಎಂದಳು. “ಮುಡಿಯಾಕಿ ಮೂಸ್ಲಿ. ತಲಿ ಅಕಿದು.”

ಪ್ರಣಿತಾಳ ಮುಂದೆ ಮೊದಲು ಪೆಟ್ಟಿಗೆಯ ದಂಡಿ ಹಿಡಿದಳು. ಹುಡುಗಿಯ ಮುಖ ಬಾಗಿಲಿನ ಹಾಗೆ ಮುಚ್ಚಿಕೊಂಡಿತು. ಟವೆಲು ಬಾಯಿಗೆ ಹೋಯಿತು.

ಆಮೇಲೆ ಹಸಿ ಬಟ್ಟೆ ಬಿಚ್ಚಿ ತನ್ನದನ್ನು ಕೊಟ್ಟಳು.

ಪ್ರಣಿತಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಂಜುತ್ತ ಮುಖ ಇಳಿಸಿದಳು. ಮೊದಲು ಹುಬ್ಬು ಸಡಿಲಾದವು. ಆಮೇಲೆ ಕಣ್ಣು ಮುಚ್ಚಿದವು. ತುಟಿ ಅರ್ಧ ತೆರೆದು ಉಸಿರು ಒಳಗೆ ಹೋಯಿತು, ಇನ್ನೂ ಒಳಗೆ, ಹೊಟ್ಟೆಯಲ್ಲಿರುವುದಕ್ಕೂ ಮುಟ್ಟಲಿ ಎಂಬಂತೆ. ಸಪ್ನಾ ರೆಪ್ಪೆ ಹೊಡೆಯದೆ ನೋಡಿದಳು.

“ಮರುಗ ಹಾಕೀರಿ” ಎಂದಳು ಪ್ರಣಿತಾ, ಕಣ್ಣು ತೆರೆಯದೆ. “ನಾ ಸಣ್ಣಾಕಿದ್ದಾಗಿನ ವಾಸನಿ.”

ಅಂಗಳ ಉಸಿರು ಬಿಟ್ಟಿತು. ಯಾರೋ ಹಾಡು ಎತ್ತಿದರು. ಉಮಾಶ್ರೀ ಮಗಳ ಮುಖ ನೋಡಿ, ಸೋತವಳ ಹಾಗೇನೂ ಅಲ್ಲದೆ ಬಂದು ದಂಡಿಯನ್ನು ತಾನೇ ಕಟ್ಟಿದಳು. “ಪರದೆ ತಗಿ” ಎಂದಳು ಫೋಟೋದವನಿಗೆ. “ಗ್ವಾಡಿ ಚಲೋ ಐತಿ.”

ಬಾಯವ್ವ ಸಪ್ನಾಳನ್ನು ಕರೆದು ಉಡಿ ತುಂಬಿದಳು. ಖಣ, ತೆಂಗಿನಕಾಯಿ, ಅಕ್ಕಿ. “ಕೈಯಾಗ ಹೂವ, ಮುಂದ ಇಷ್ಟ ಮಂದಿ. ಆದರೂ ಮೂಸಲಿಲ್ಲ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ಮೂಗಿನ ಮ್ಯಾಲ ಇಷ್ಟ ಹಿಡತ ಯಾರಿಗಿ ಐತಿ?”

ಹೆಂಗಸರು ಸುತ್ತುಗಟ್ಟಿ ನಂಬರು ಕೇಳಿದರು. ಒಬ್ಬಳ ಮನೆಯಲ್ಲಿ ಮದುವೆ, ಇನ್ನೊಬ್ಬಳ ಮನೆಯಲ್ಲಿ ತೊಟ್ಟಿಲು. ಸಪ್ನಾ ನಗುತ್ತ ಉತ್ತರ ಕೊಟ್ಟಳು. ಸಂತೋಷ ನಿಜವಾಗಿಯೇ ಆಗಿತ್ತು. ಕಾಲು ಹಗುರಾಗಿ, ನೆಲ ತನ್ನದೇ ಅನ್ನಿಸಿತ್ತು. ಆದರೂ ಆ ಹುಡುಗಿಯ ಮುಚ್ಚಿದ ಕಣ್ಣು ಅವಳ ಮನಸ್ಸಿನಿಂದ ಹೋಗಲಿಲ್ಲ.

ಬಾಗಿಲ ಹೊರಗೆ ಮುತ್ತಪ್ಪ ಪೆಟ್ಟಿಗೆಯನ್ನು ಬೈಕಿಗೆ ಕಟ್ಟುತ್ತಿದ್ದ.

“ಗೆದ್ರಿ ವೈನಿ.”

“ನೀ ಸೋತೇನು?”

“ನಾ ಯಾಕ ಸೋಲ್ಲಿ, ಡಬ್ಬಿ ಸೋತೈತಿ. ನಾಳಿಂದ ನಿಮ್ಮ ಹೂವ ಒಯ್ತೇನಿ. ಗಾಡಿ ನಂದ ಐತಿ.”

“ಬಾ” ಎಂದಳು.

ದೀಪ ಹಚ್ಚುವ ಹೊತ್ತಿಗೆ ಸುದ್ದಿ ಅವಳಿಗಿಂತ ಮುಂಚೆ ಪೇಟೆ ತುಂಬ ಓಡಾಡಿತ್ತು. ಗೌರೀಶ ಮೊಬೈಲು ಹಿಡಿದು ಅಂಗಡಿಗೆ ಓಡಿ ಬಂದ. ಕಂಪನಿಯ ಆ್ಯಪಿನಲ್ಲಿ ಬೈಲಹೊಂಗಲದ ಪಿನ್ ಕೋಡು ಹೊಡೆದು ತೋರಿಸಿದ. ‘ಈ ಸ್ಥಳಕ್ಕೆ ನಮ್ಮ ಸೇವೆ ಲಭ್ಯವಿಲ್ಲ.’

“ಇನ್ನೊಮ್ಮೆ ಓದು” ಎಂದಳು ಗುರುಬಸವ್ವ.

ಅವನು ಓದಿದ. ಅವಳು ಕಣ್ಣು ಒರೆಸಿಕೊಂಡು, ಸೊಸೆಯ ಕೆನ್ನೆ ಸವರಿ ದೃಷ್ಟಿ ತೆಗೆದು, ದೇವರ ಕೋಣೆಗೆ ಹೋದಳು. ಗೌರೀಶ ಮಿರ್ಚಿ ಭಜಿ ತರುತ್ತೇನೆಂದು ಹೊರಟ. ಎರಡು ಹೆಜ್ಜೆ ಹೋಗಿ ತಿರುಗಿದ.

“ಅಂಗಡಿ ಏನ ಘಮ್ಮ್ ಅನ್ನಾಕತ್ತೈತಿ ಇವತ್ತ. ಅಲ್ಲೇನು?”

“ಹೂಂ” ಎಂದಳು.

ಅಂಗಡಿಯ ಕಂಬಕ್ಕೆ ಒಂದು ಕನ್ನಡಿ ಇತ್ತು, ಹೂ ಕೊಂಡ ಹೆಂಗಸರು ಅಲ್ಲೇ ಮುಡಿದುಕೊಳ್ಳಲೆಂದು. ದಂಡಿ ಕಟ್ಟಿ ಉಳಿದ ಮಲ್ಲಿಗೆಯನ್ನು ಸಪ್ನಾ ಬೊಗಸೆಯಲ್ಲಿ ಎತ್ತಿಕೊಂಡು ಅದರ ಮುಂದೆ ನಿಂತಳು. ಒಳಗೆ ಗಂಟೆಯ ಸದ್ದು. ಅತ್ತೆ ಈಗ ಹೊರಗೆ ಬಂದರೆ ಇಡೀ ದಿನದ ಹೂ ಆಕಳ ಪಾಲು.

ಹೂವನ್ನು ಮೂಗಿಗೆ ತಂದಳು.

ಕನ್ನಡಿಯೊಳಗಿನ ಹೆಂಗಸಿನ ಹುಬ್ಬು ಸಡಿಲಾದವು. ಹೊಳ್ಳೆ ಅರಳಿತು. ತುಟಿ ಅರ್ಧ ತೆರೆಯಿತು. ನೋಡಿದವರು ಯಾರೂ ಸುಳ್ಳು ಎನ್ನುವಂತಿರಲಿಲ್ಲ. ಪ್ರಣಿತಾಳ ಮುಖವೇ. ಕಣ್ಣು ಮುಚ್ಚುವುದೊಂದು ಉಳಿದಿತ್ತು. ಮುಚ್ಚಿದರೆ ಆ ಮುಖ ಕಾಣುವುದಿಲ್ಲ; ಕಾಣದಿದ್ದರೆ ವಾಸನೆ ಬಂತೋ ಇಲ್ಲವೋ ತಿಳಿಯುವುದು ಹೇಗೆ?

ಹಲಗೆಯ ಮೇಲೆ ಫೋನು ಒಂದೇ ಸಮನೆ ಮೊಳಗತೊಡಗಿತು. ರಸ್ತೆಯಲ್ಲಿ ಹೋಗುವವರು ಅಂಗಡಿಯ ಮುಂದೆ ನಿಧಾನವಾಗಿ, ಮುಖ ಈ ಕಡೆ ಹೊರಳಿಸಿ, ಉಸಿರು ಎಳೆದುಕೊಂಡು ದಾಟುತ್ತಿದ್ದರು. ಅವರೂ ಕನ್ನಡಿಯಲ್ಲಿ ಕಾಣುತ್ತಿದ್ದರು, ಒಬ್ಬರ ಹಿಂದೊಬ್ಬರು. ಅವರೆಲ್ಲರ ಮುಂದೆ, ಹೂವಿನಲ್ಲಿ ಹೂತು, ಅಗಲಕ್ಕೆ ತೆರೆದ ಕಣ್ಣಿನ ಒಂದು ಮುಖ ಕಾಯುತ್ತ ನಿಂತಿತ್ತು.